ಯುದ್ಧದ ಸಾವಿನ ಲೆಕ್ಕ ನೋಡೋದು ಹೇಗೆ? ಕಳಿಂಗದಿಂದ ಹಿರೋಶಿಮಾದವರೆಗೆ ಒಂದೇ ಹಾಳೆಯಲ್ಲಿ

ನಮ್ಮ ಅಕ್ಕನ ಮಗ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಭಾನುವಾರ ಹನುಮಂತನಗರದ ನಮ್ಮ ಮನೆಗೆ ಬರುತ್ತಾನೆ, ದೋಸೆ ತಿನ್ನುತ್ತಾನೆ, ವಾದ ಮಾಡುತ್ತಾನೆ. 2025ರ ಮೇ ತಿಂಗಳಲ್ಲಿ, ಗಡಿಯಲ್ಲಿ ಸದ್ದು ಜೋರಾಗಿ ಇಲ್ಲಿ ಬೆಂಗಳೂರಲ್ಲೂ ಮಾಕ್ ಡ್ರಿಲ್ ಅಂತ ಸೈರನ್ ಕೂಗಿಸಿದ ಆ ವಾರ, ಟೀವಿ ಮುಂದೆ ಕೂತು "ಒಂದು ಅಣುಬಾಂಬ್ ಹಾಕ್ಬಿಟ್ರೆ ಮುಗೀತು ಮಾವ" ಅಂದ. ನನಗೆ ರೇಗಿತು, ಬೈದೆ. ಅವನು ಬೈಗುಳಕ್ಕೆ ಜಗ್ಗುವವನಲ್ಲ. ಫೋನ್ ತೆಗೆದು ಅಂಕಿ ತೋರಿಸಿದ. ಎರಡನೇ ಮಹಾಯುದ್ಧದಲ್ಲಿ ಸತ್ತವರು 7ರಿಂದ 8 ಕೋಟಿ. ಅದರಲ್ಲಿ ಅಣುಬಾಂಬಿಗೆ ಸತ್ತವರು ಸುಮಾರು 2 ಲಕ್ಷ. "ಉಳಿದವರೆಲ್ಲ ಹಳೇ ಥರದ ಯುದ್ಧದಲ್ಲೇ ಸತ್ತಿದ್ದು. ಈಗ ಹೇಳಿ ಮಾವ, ಯಾವುದು ಕೆಟ್ಟದ್ದು?"

ಅವನ ಅಂಕಿ ತಪ್ಪಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ನಾನು ಮೂವತ್ತು ವರ್ಷ ಬೇರೆಯವರ ಲೆಕ್ಕಪುಸ್ತಕ ನೋಡಿ ಹೊಟ್ಟೆ ಹೊರೆದವನು. ಎಲ್ಲ ಅಂಕಿಯೂ ಸರಿ ಇದ್ದು ಲೆಕ್ಕ ಮಾತ್ರ ತಪ್ಪಿರೋದು ನಮಗೆ ದಿನಾ ಸಿಗುವ ಮಾಲು. ಹಾಗಾಗಿ ಬೈಯೋದು ಬಿಟ್ಟು, ಇಬ್ಬರೂ ಕೂತು ಒಂದು ಹಾಳೆ ತಯಾರು ಮಾಡಿದೆವು. ಮೂರು ಭಾನುವಾರ ಹಿಡಿಯಿತು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಇದ್ದೇ ಇರುತ್ತಾನೆ, ಅಥವಾ ಆ ಒಬ್ಬ ನೀವೇ ಇರಬಹುದು. ಅದಕ್ಕೇ ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ.

ಬೇಕಾಗುವುದು ಇಷ್ಟೇ: ಒಂದು ಅಗಲವಾದ ಹಾಳೆ (ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು), ಪೆನ್ಸಿಲ್, ರಬ್ಬರ್, ಒಂದು ಕಂಪಾಸ್, ಅಳತೆ ಕೊಟ್ಟಿರುವ ಬೆಂಗಳೂರಿನ ನಕ್ಷೆ. ಪೆನ್ನು ಬೇಡ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಮೊದಲು ಸಾಲು ಸರಿ ಮಾಡಿಕೊಳ್ಳಿ

ಇಡೀ ಯುದ್ಧವನ್ನು ಒಂದು ಬಾಂಬಿನ ಜೊತೆ ಹೋಲಿಸಬೇಡಿ. ಅದು ಮನೆಯ ಆರು ವರ್ಷದ ಖರ್ಚನ್ನು ಒಂದು ಬೆಳಗ್ಗೆಯ ಬಿಲ್ಲಿನ ಪಕ್ಕ ಇಟ್ಟು "ನೋಡಿ, ಬಿಲ್ ಎಷ್ಟು ಸಣ್ಣದು" ಅಂದ ಹಾಗೆ. ಘಟನೆಯ ಎದುರು ಘಟನೆ ಇಡಿ. ನಾವು ಬರೆದ ಸಾಲುಗಳು ಇವು: ಕಳಿಂಗ, 1791ರ ಬೆಂಗಳೂರು, ರಷ್ಯಾದ ಲೆನಿನ್‌ಗ್ರಾಡ್, ಟೋಕಿಯೋ, ಹಿರೋಶಿಮಾ, ನಾಗಸಾಕಿ, ಆಫ್ರಿಕಾದ ರುವಾಂಡಾ (1994). ಕೊನೆಯದು ಯಾಕೆ ಅಂತ ಕೇಳಬೇಡಿ, ಅದು ನನ್ನ ವಾದಕ್ಕೇ ಕಲ್ಲು ಹಾಕುವ ಸಾಲು. ಅದಕ್ಕಾಗಿಯೇ ಇರಬೇಕು.

ಸಾವು ಅಂತ ಒಂದೇ ಕಾಲಂ ಹಾಕಿದರೂ ಕೆಲಸ ಕೆಡುತ್ತದೆ. ಇದನ್ನು ನಮಗೆ ಕಲಿಸಿದವನು ಅಶೋಕ. ತನ್ನ 13ನೇ ಬಂಡೆ ಶಾಸನದಲ್ಲಿ ಕಳಿಂಗ ಯುದ್ಧದ ಲೆಕ್ಕವನ್ನು ಅವನು ಮೂರು ಬಾಬತ್ತಿನಲ್ಲಿ ಕೊಟ್ಟಿದ್ದಾನೆ. ಸೆರೆ ಹಿಡಿದು ಸಾಗಿಸಿದವರು ಒಂದೂವರೆ ಲಕ್ಷ. ಕೊಲ್ಲಲ್ಪಟ್ಟವರು 1 ಲಕ್ಷ. ಆಮೇಲೆ ಹೇಗೋ ಸತ್ತವರು ಅದರ ಎಷ್ಟೋ ಪಟ್ಟು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ ಇಷ್ಟು ಚೆನ್ನಾಗಿ ಖಾತೆ ವಿಂಗಡಿಸಿದ್ದಾನೆ ಅಲ್ವಾ! ಅಂಕಿಗಳು ದುಂಡಗಿವೆ, ಯಾರೂ ಹೆಣ ಎಣಿಸಿ ಬರೆದದ್ದಲ್ಲ, ಅದು ಬೇರೆ ಮಾತು. ಇನ್ನೊಂದು ವಿಷಯ ನನಗೆ ಆಡಿಟ್ ಕಣ್ಣಿಗೆ ಬಿತ್ತು. ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಈ 13ನೇ ಶಾಸನ ಇಲ್ಲ. ಅಲ್ಲಿ ಬದಲಿಗೆ ಎರಡು ಬೇರೆ ಶಾಸನ ಹಾಕಿಸಿದ್ದಾನೆ, ಪ್ರಜೆಗಳೆಲ್ಲ ನನ್ನ ಮಕ್ಕಳು ಅನ್ನುವಂಥವು. ಆ ಎರಡರ ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಅಂದರೆ ಯಾರ ಮನೆಯಲ್ಲಿ ಸಾವು ಆಯಿತೋ ಅವರ ಮುಂದೆ ಆ ಅಂಕಿಯನ್ನು ಇಡಲಿಲ್ಲ.

ಹಾಗಾಗಿ ಮೂರು ಕಾಲಂ ಹಾಕಿ: ಅಂದೇ ಸತ್ತವರು, ಆಮೇಲೆ ಸತ್ತವರು, ಊರು ಬಿಟ್ಟವರು.

ಲೆಕ್ಕ ಯಾವ ತಾರೀಖಿಗೆ ಮುಚ್ಚಿದ್ದಾರೆ ನೋಡಿ

ಹಿರೋಶಿಮಾಕ್ಕೆ ಮೂರು ಅಂಕಿ ಸಿಗುತ್ತವೆ. ಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಸೇನೆಯ ಕಡೆಯವರು ಕೊಟ್ಟದ್ದು 66 ಸಾವಿರ. ಹಿರೋಶಿಮಾ ನಗರಾಡಳಿತ ಹೇಳುವುದು 1 ಲಕ್ಷ 40 ಸಾವಿರ, ಹತ್ತು ಸಾವಿರ ಆಚೆ ಈಚೆ. ಇನ್ನು ಅಲ್ಲಿನ ಸ್ಮಾರಕದಲ್ಲಿ ಇಟ್ಟಿರುವ ಹೆಸರಿನ ಪಟ್ಟಿ 3 ಲಕ್ಷ 40 ಸಾವಿರ ದಾಟಿದೆ. ನಮ್ಮ ಹುಡುಗ "ಯಾರೋ ಸುಳ್ಳು ಹೇಳ್ತಿದಾರೆ" ಅಂದ. ಹಾಗಲ್ಲ. ಮೊದಲನೆಯದು ಅವಸರದ ಅಂದಾಜು. ಊರಿನ ದಾಖಲೆಗಳೇ ಸುಟ್ಟು ಹೋಗಿದ್ದವು, ಆ ದಿನ ಊರಲ್ಲಿ ಎಷ್ಟು ಸೈನಿಕರಿದ್ದರು, ಕೊರಿಯಾದಿಂದ ದುಡಿಯಲು ಬಂದವರು ಎಷ್ಟಿದ್ದರು ಅನ್ನುವುದರ ಖಚಿತ ಲೆಕ್ಕ ಇರಲಿಲ್ಲ. ಎರಡನೆಯದು 1945ರ ಡಿಸೆಂಬರ್ ಕೊನೆಗೆ ಮುಚ್ಚಿದ ಲೆಕ್ಕ. ಥೇಟ್ ನಮ್ಮ ವರ್ಷಾಂತ್ಯದ ಕ್ಲೋಸಿಂಗ್. ಜನವರಿಯಲ್ಲಿ ಸತ್ತವರು ಅದರಲ್ಲಿ ಇಲ್ಲ. ಮೂರನೆಯದು ಬಾಂಬಿನಿಂದ ಬದುಕಿ ಉಳಿದು ಆಮೇಲೆ ಯಾವಾಗ ಯಾವ ಕಾರಣಕ್ಕೆ ಸತ್ತರೂ, ಎಂಬತ್ತು ವರ್ಷಕ್ಕೆ ವಯಸ್ಸಾಗಿ ಸತ್ತರೂ, ಸೇರಿಸುವ ಹೆಸರಿನ ಪಟ್ಟಿ. ಅದನ್ನು "ಬಾಂಬಿಗೆ ಸತ್ತವರು" ಅಂತ ಹಾಕಿದರೆ ನೀವೇ ಸಿಕ್ಕಿಬೀಳುತ್ತೀರಿ.

ಯಾರ ಪುಸ್ತಕ ಅನ್ನುವುದೂ ಮುಖ್ಯ. ಜರ್ಮನಿಯ ಡ್ರೆಸ್ಡೆನ್ ಮೇಲೆ 1945ರ ಫೆಬ್ರವರಿಯಲ್ಲಿ ಬಾಂಬ್ ಸುರಿದಾಗ ನಾಜಿ ಪ್ರಚಾರದವರು 2 ಲಕ್ಷ ಸತ್ತರು ಅಂದರು. ಆ ಅಂಕಿ ಹತ್ತಾರು ವರ್ಷ ಓಡಾಡಿತು. ಈ ಶತಮಾನದಲ್ಲಿ ಇತಿಹಾಸಕಾರರ ಆಯೋಗ ಕೂತು ಸ್ಮಶಾನದ ದಾಖಲೆಯಿಂದ ಹಿಡಿದು ಎಲ್ಲ ತಾಳೆ ನೋಡಿ 2010ರಲ್ಲಿ ಹೇಳಿದ್ದು: ಹೆಚ್ಚೆಂದರೆ 25 ಸಾವಿರ. ಒಂದು ಸೊನ್ನೆ ಎಷ್ಟು ದೂರ ಹೋಗುತ್ತೆ ನೋಡಿ.

ಕೈಗಳ ಕಾಲಂ

ಇದು ನಾವೇ ಸೇರಿಸಿದ ಕಾಲಂ. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಇದೇ ಮುಖ್ಯ. ಒಂದು ಲಕ್ಷ ಜನರನ್ನು ಕೊಲ್ಲಲು ಎಷ್ಟು ಜನರ ಕೈ ಬೇಕಾಯಿತು?

ಕಳಿಂಗದಲ್ಲಿ ಕತ್ತಿ, ಈಟಿ, ಬಾಣ, ಆನೆ. ಒಬ್ಬ ಇನ್ನೊಬ್ಬನ ಹತ್ತಿರ ಹೋಗಲೇಬೇಕು. ಸಾವಿರಾರು ಕೈ, ಹತ್ತಾರು ಸಾವಿರ ಕೈ. ಕೈ ಸೋಲುತ್ತದೆ, ಕತ್ತಲಾಗುತ್ತದೆ, ಕೆಲವರು ಓಡಿಹೋಗುತ್ತಾರೆ, ಕೆಲವರು ಶರಣಾಗುತ್ತಾರೆ.

ಟೋಕಿಯೋ ಸಾಲಿಗೆ ಬನ್ನಿ. 1945ರ ಮಾರ್ಚ್ 9ರ ರಾತ್ರಿ ಕಳೆದು 10 ಹುಟ್ಟುವ ಹೊತ್ತು. ಅಮೆರಿಕದ 279 ಬಿ-29 ಬಾಂಬರ್ ವಿಮಾನಗಳು ಕೆಳಮಟ್ಟದಲ್ಲಿ ಹಾರಿ ಬಂದು 1,600 ಟನ್‌ಗೂ ಜಾಸ್ತಿ ಬೆಂಕಿ ಬಾಂಬ್ ಸುರಿದವು. ಮರದ ಮನೆ, ಕಾಗದದ ಬಾಗಿಲು, ಮೇಲೆ ಜೋರು ಗಾಳಿ. 41 ಚದರ ಕಿಲೋಮೀಟರ್ ಊರು ಬೂದಿಯಾಯಿತು. ಕಾಲುವೆಗೆ ಹಾರಿದವರು ನೀರಿನಲ್ಲೇ ಉಸಿರು ಸಿಗದೆ ಸತ್ತರು. ಒಂದೇ ರಾತ್ರಿಯಲ್ಲಿ ಸುಮಾರು 1 ಲಕ್ಷ ಸಾವು, 10 ಲಕ್ಷ ಜನ ಬೀದಿಗೆ. ಇಲ್ಲಿ ಅಣು ಇಲ್ಲ, ವಿಕಿರಣ ಇಲ್ಲ. ಆದರೂ ಹಿರೋಶಿಮಾದ ಮೊದಲ ದಿನದ ಸಾವು 70ರಿಂದ 80 ಸಾವಿರ ಅಂತ ಹಿಡಿದರೆ ಈ ರಾತ್ರಿಯದ್ದೇ ಜಾಸ್ತಿ. "ನೋಡಿದ್ರಾ ಮಾವ" ಅಂತ ಹುಡುಗ ಕುಣಿದ. ಕುಣಿಯಲಿ. ಅವನು ಹೇಳಿದ್ದು ನಿಜ, ಬರೆದುಕೊಂಡೆ. ನಾವು ಟೋಕಿಯೋ ಹೆಸರನ್ನು ಶಾಲೆಯಲ್ಲಿ ಓದಲೇ ಇಲ್ಲ. ಅದೂ ಒಂದು ಅನ್ಯಾಯವೇ.

ಈಗ ಕೈ ಎಣಿಸಿ. ಒಂದು ವಿಮಾನಕ್ಕೆ ಸುಮಾರು 11 ಜನ ಅಂದರೆ 279ಕ್ಕೆ 3 ಸಾವಿರ ಜನ. ಹಿರೋಶಿಮಾಕ್ಕೆ? ಬಾಂಬ್ ಹೊತ್ತ ವಿಮಾನ ಒಂದು, ಒಳಗೆ 12 ಜನ. ಜೊತೆಗೆ ಹೋದ ಇನ್ನೆರಡು ವಿಮಾನ ಅಳತೆಗೆ, ಫೋಟೋಗೆ. ಬಾಂಬಿನಲ್ಲಿ ಇದ್ದದ್ದು ಸುಮಾರು 64 ಕಿಲೋ ಯುರೇನಿಯಂ, ನಿಜವಾಗಿ ಒಡೆದದ್ದು ಅದರಲ್ಲಿ ಒಂದು ಕಿಲೋಗಿಂತ ಕಡಿಮೆ. ಅಂಗಡಿಯ ಸಕ್ಕರೆ ಪೊಟ್ಟಣದಷ್ಟೂ ಇಲ್ಲ. ಸ್ಫೋಟ ಮಾತ್ರ 15 ಸಾವಿರ ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ.

ಹುಡುಗ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಹಾಕಿದ. "12 ಜನ ಅಲ್ಲ ಮಾವ. ಆ ಬಾಂಬ್ ತಯಾರು ಮಾಡಿದವರನ್ನ ಯಾಕೆ ಬಿಟ್ರಿ?" ಹೌದು. ಮ್ಯಾನ್‌ಹಟನ್ ಯೋಜನೆಯಲ್ಲಿ ಒಂದು ಹಂತದಲ್ಲಿ ಲಕ್ಷಕ್ಕೂ ಮೀರಿ ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತಲೇ ಗೊತ್ತಿರಲಿಲ್ಲ. ಹಾಗಾಗಿ ಕಾಲಂ ಎರಡು ಮಾಡಿದೆವು: ತಯಾರಿಗೆ ಎಷ್ಟು ಕೈ, ಪ್ರಯೋಗಿಸಲು ಎಷ್ಟು ಕೈ. ಕಾರ್ಖಾನೆ ಕಟ್ಟೋ ಬಂಡವಾಳ ಬೇರೆ, ದಿನದ ಖರ್ಚು ಬೇರೆ ಅಲ್ವಾ, ಹಾಗೆ. ಬಂಡವಾಳ ಒಂದು ಸಲ ಹಾಕಿದ ಮೇಲೆ ಮುಂದಿನ ಒಂದು ಲಕ್ಷ ಸಾವಿಗೆ ಹೊಸ ಕೈಗಳು ಬೇಕಾಗುವುದಿಲ್ಲ. ಇವತ್ತು ಜಗತ್ತಿನಲ್ಲಿ ಇಂಥ ಸಿಡಿತಲೆಗಳು 12 ಸಾವಿರ ಇವೆ. ಬಂಡವಾಳ ಎಲ್ಲ ಹಾಕಿ ಆಗಿದೆ.

ರುವಾಂಡಾ ಸಾಲು ಈಗ ಬರಲಿ. 1994ರ ಏಪ್ರಿಲ್‌ನಿಂದ ಜುಲೈ, ಸುಮಾರು 100 ದಿನ, 5ರಿಂದ 8 ಲಕ್ಷ ಸಾವು. ಹೆಚ್ಚಾಗಿ ಮಚ್ಚು, ದೊಣ್ಣೆ. ನೆರೆಮನೆಯವರೇ ಕೊಂದದ್ದು. ಹಳೇ ಆಯುಧ ಅಂದರೆ ಸಣ್ಣ ಸಾವು ಅಂತ ನಂಬಿದವರು ಈ ಸಾಲನ್ನು ಎರಡು ಸಲ ಓದಬೇಕು. ಇಲ್ಲಿ ಕೈಗಳ ಕಾಲಂ ತುಂಬಿ ತುಳುಕುತ್ತದೆ.

ತಡೆಯಲು ಇದ್ದ ಸಮಯ

ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಿ. ಶುರುವಾದ ಮೇಲೆ ಓಡಲು, ತಡೆಯಲು, ಬೇಡ ಅನ್ನಲು ಎಷ್ಟು ಹೊತ್ತು ಇತ್ತು?

ರುವಾಂಡಾದಲ್ಲಿ 100 ದಿನ ಇತ್ತು. ಜಗತ್ತು ತಡೆಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಹಾಕಿದ ಲೆನಿನ್‌ಗ್ರಾಡ್ ಮುತ್ತಿಗೆ 872 ದಿನ. ಸುಮಾರು 8 ಲಕ್ಷ ಊರಿನವರು ಸತ್ತರು, ಬಹುಪಾಲು ಹಸಿವಿಗೆ. ಘೋರ. ಆದರೆ ಅದೇ ದಿನಗಳಲ್ಲಿ ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲೆ ಲಾರಿ ಓಡಿಸಿ ರೊಟ್ಟಿ ಹಿಟ್ಟು ಒಳಗೆ ತಂದರು, ಲಕ್ಷಾಂತರ ಜನರನ್ನು ಹೊರಗೆ ಸಾಗಿಸಿದರು.

ನಮ್ಮ ಊರಿನ ಸಾಲು ಸಣ್ಣದು, ಆದರೆ ಕಣ್ಣಿಗೆ ಕಾಣುವಂಥದ್ದು. 1791ರ ಮಾರ್ಚ್ 7ಕ್ಕೆ ಕಾರ್ನ್‌ವಾಲಿಸ್ ಸೇನೆ ಬೆಂಗಳೂರು ಪೇಟೆಗೆ ನುಗ್ಗಿತು. ಕೋಟೆ ಬಿದ್ದದ್ದು 21ರ ರಾತ್ರಿ. ನಡುವೆ ಎರಡು ವಾರ. ಟಿಪ್ಪುವಿನ ಕಿಲ್ಲೆದಾರ ಬಹಾದ್ದೂರ್ ಖಾನ್ ಹೋರಾಡಿ ಸತ್ತ. ಗೋಡೆ ಒಡೆದ ಜಾಗದಲ್ಲಿ ಒಂದು ಕಲ್ಲಿನ ಫಲಕ ಇದೆ, ಕೆ.ಆರ್. ಮಾರ್ಕೆಟ್ ಕಡೆ ಹೋದಾಗ ನೋಡಿ. ಬಸ್ಸಿನ ಹಾರ್ನ್, ಹೂವಿನ ವಾಸನೆ, ಪಕ್ಕದಲ್ಲಿ ಆ ಫಲಕ.

ಹಿರೋಶಿಮಾದಲ್ಲಿ 1945ರ ಆಗಸ್ಟ್ 6 ಸೋಮವಾರ. ಬೆಳಗ್ಗೆ ಒಂದು ಹವಾಮಾನ ವಿಮಾನ ಬಂದು ಹೋಯಿತು, ಎಚ್ಚರಿಕೆ ಕೂಗಿಸಿದರು, 7:31ಕ್ಕೆ ಅಪಾಯ ಇಲ್ಲ ಅಂತ ಸೈರನ್ ಆಯಿತು. ಜನ ಕೆಲಸಕ್ಕೆ ಹೊರಟರು. ಬೆಂಕಿ ಹರಡದಿರಲಿ ಅಂತ ಮನೆಗಳನ್ನು ಕೆಡವಿ ಜಾಗ ಬಿಡಿಸುವ ಕೆಲಸಕ್ಕೆ ಶಾಲೆ ಮಕ್ಕಳನ್ನು ಸಾವಿರಗಟ್ಟಲೆ ಕರೆತಂದಿದ್ದರು. 8:15ಕ್ಕೆ ಬಾಂಬ್ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಆ ಕೆಲಸದಲ್ಲಿದ್ದ ಮಕ್ಕಳಲ್ಲಿ ಸುಮಾರು 6 ಸಾವಿರ ಮಂದಿ ಸತ್ತರು. ಈ ಕಾಲಂನಲ್ಲಿ ಏನು ಬರೆಯಬೇಕು ಅಂತ ಹುಡುಗ ಕೇಳಿದ. ಸೆಕೆಂಡು ಅಂತ ಬರಿ ಅಂದೆ.

ಊರಲ್ಲಿ ಆಗ ಇದ್ದವರು ಸುಮಾರು ಮೂರೂವರೆ ಲಕ್ಷ. ವರ್ಷದ ಕೊನೆಗೆ ಸತ್ತವರು 1.4 ಲಕ್ಷ. ನೂರಕ್ಕೆ ನಲವತ್ತು. ಟೋಕಿಯೋ ಎಷ್ಟೋ ಪಟ್ಟು ದೊಡ್ಡ ಊರು. ಶೇಕಡಾವಾರು ಹಾಕಿದರೆ ಎರಡು ಸಾಲೂ ದೂರ ದೂರ ಸರಿಯುತ್ತವೆ. ನಾಗಸಾಕಿಯಲ್ಲಿ ಬಾಂಬ್ ಇನ್ನೂ ದೊಡ್ಡದಿತ್ತು, 21 ಕಿಲೋಟನ್ (ಅಂದರೆ 21 ಸಾವಿರ ಟನ್ ಟಿಎನ್‌ಟಿಗೆ ಸಮ), ಆದರೆ ಸಾವು ಸುಮಾರು 70 ಸಾವಿರ. ಗುಡ್ಡಗಳು ಅಡ್ಡ ಬಂದವು. ಮೊದಲು ಹೊರಟದ್ದೇ ಕೊಕುರಾ ಅನ್ನುವ ಊರಿಗೆ, ಅಲ್ಲಿ ಕೆಳಗೆ ಏನೂ ಕಾಣದೆ ಇಲ್ಲಿಗೆ ತಿರುಗಿದರು.

ಈಗ ಕಂಪಾಸ್ ತೆಗೆಯಿರಿ

ಇದು ಎರಡನೇ ಭಾನುವಾರದ ಕೆಲಸ. ನಕ್ಷೆಯಲ್ಲಿ ಮೆಜೆಸ್ಟಿಕ್ ಮೇಲೆ ಮುಳ್ಳು ಊರಿ, 1.6 ಕಿಲೋಮೀಟರಿಗೆ ಒಂದು ಸುತ್ತು ಎಳೆಯಿರಿ. ಹಿರೋಶಿಮಾದಲ್ಲಿ ಹೆಚ್ಚು ಕಡಿಮೆ ಪೂರ್ತಿ ನೆಲಸಮವಾದದ್ದು ಇಷ್ಟು. ಸುತ್ತಿನ ಒಳಗೆ ಏನೇನು ಬಂತು ಪಟ್ಟಿ ಮಾಡಿ. ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಗಾಂಧಿನಗರ, ಕಾಟನ್‌ಪೇಟೆ, ಚಿಕ್ಕಪೇಟೆ, ಬಳೇಪೇಟೆ. ಕೆ.ಆರ್. ಮಾರ್ಕೆಟ್. ಆ 1791ರ ಫಲಕ. ಮತ್ತೆ ವಿಕ್ಟೋರಿಯಾ ಆಸ್ಪತ್ರೆ, ಅಂಚಿಗೆ.

ಇಲ್ಲಿ ಸ್ವಲ್ಪ ನಿಲ್ಲಿ. ಬೆಂಗಳೂರಲ್ಲಿ ಯಾರಿಗಾದರೂ ಮೈ ಸುಟ್ಟರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ? ವಿಕ್ಟೋರಿಯಾದ ಸುಟ್ಟ ಗಾಯದ ವಾರ್ಡಿಗೆ. ಪಟಾಕಿ ಕಣ್ಣಿಗೆ ಸಿಡಿದರೆ? ಪಕ್ಕದ ಮಿಂಟೋಗೆ. ಪ್ರತಿ ದೀಪಾವಳಿಯ ಮಾರನೇ ದಿನ ಪೇಪರಿನಲ್ಲಿ ಮಿಂಟೋ ಲೆಕ್ಕ ಬರುತ್ತದೆ, ಹತ್ತಾರು ಮಕ್ಕಳು ಬಂದರೂ ನಮಗೆ ಸುದ್ದಿ. ಹಿರೋಶಿಮಾದಲ್ಲಿ ಹತ್ತಾರು ಸಾವಿರ ಸುಟ್ಟ ಮೈಗಳು ಒಂದೇ ಬೆಳಗ್ಗೆ ಎದ್ದು ನಡೆಯತೊಡಗಿದವು. ಮೂರು ಕಿಲೋಮೀಟರ್ ಆಚೆ ಬಯಲಲ್ಲಿ ನಿಂತವರ ಚರ್ಮವೂ ಸುಟ್ಟಿತ್ತು. ಊರಿನ ವೈದ್ಯರು, ನರ್ಸ್‌ಗಳಲ್ಲಿ ನೂರಕ್ಕೆ ತೊಂಬತ್ತು ಜನ ತಾವೇ ಸತ್ತಿದ್ದರು ಅಥವಾ ಗಾಯಗೊಂಡಿದ್ದರು.

ಹಳೇ ಯುದ್ಧದಲ್ಲಿ ಊರು ಸಾಯುವಾಗಲೂ ಊರಿನ ಒಳಗೇ ಯಾರೋ ಒಬ್ಬರು ನೀರು ಕೊಡಲು, ಬಟ್ಟೆ ಸುತ್ತಲು ಉಳಿದಿರುತ್ತಿದ್ದರು. ಇಲ್ಲಿ ಬಾವಿಗೆ ಬಿದ್ದವರ ಜೊತೆ ಹಗ್ಗ ಹಿಡಿಯುವವರೂ ಬಿದ್ದರು. ಹಾಳೆಯಲ್ಲಿ ಇದಕ್ಕೂ ಒಂದು ಕಾಲಂ ಮಾಡಿ: ನೋಡಿಕೊಳ್ಳುವವರಲ್ಲಿ ಉಳಿದವರು ಎಷ್ಟು.

ಇಂದಿನ ಬಾಂಬ್ ಹಿರೋಶಿಮಾದ ಹತ್ತು ಪಟ್ಟು ಅಂದರೆ ಸುತ್ತು ಹತ್ತು ಪಟ್ಟು ದೂರ ಎಳೆಯಬೇಡಿ. ಅದು ತಪ್ಪು, ತುಂಬ ಜನ ಮಾಡುವ ತಪ್ಪು. ಹೊಡೆತದ ದೂರ ಘನಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ಹತ್ತು ಪಟ್ಟು ಶಕ್ತಿಗೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ದೂರ, ಅಂದರೆ ಸುಮಾರು 3.4 ಕಿಲೋಮೀಟರ್. ಎಳೆದು ನೋಡಿ. ವಿಧಾನಸೌಧ ಒಳಗೆ, ಮಲ್ಲೇಶ್ವರದ ಎಂಟನೇ ಕ್ರಾಸ್ ಒಳಗೆ, ಗಾಂಧಿಬಜಾರ್ ಗೆರೆಯ ಮೇಲೆ. ಹುಡುಗ ಹನುಮಂತನಗರ ಹುಡುಕಿದ. ಗೆರೆಯಿಂದ ಅಷ್ಟು ದೂರ ಇರಲಿಲ್ಲ. ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ, ಕಾಫಿ ತಂದುಕೊಟ್ಟೆ.

ಹಿರೋಶಿಮಾದ್ದು ಮರದ ಮನೆ, ನಮ್ಮದು ಕಾಂಕ್ರೀಟು, ಆದ್ದರಿಂದ ಬೆಂಕಿ ಅದೇ ಥರ ಹಬ್ಬದಿರಬಹುದು. ಇದನ್ನೂ ಅಂಚಿನಲ್ಲಿ ಬರೆಯಿರಿ. ಜೊತೆಗೆ ನಮ್ಮಲ್ಲಿ ಗಾಜಿನ ಕಟ್ಟಡ ಎಷ್ಟಿವೆ ಅಂತಲೂ ಬರೆಯಿರಿ. ಸುಮ್ನೆ ಹೆದರಿಸಲು ಇದನ್ನು ಹೇಳುತ್ತಿಲ್ಲ. ಈ ಲೆಕ್ಕವನ್ನು ತಿಳಿದವರು ಮೊದಲೇ ಮಾಡಿದ್ದಾರೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಭಾರತ, ಪಾಕಿಸ್ತಾನ, ಅಮೆರಿಕ ಮೂಲದ ಕೆಲವು ವಿಜ್ಞಾನಿಗಳು ಸೇರಿ, ಭಾರತದ 5 ಮತ್ತು ಪಾಕಿಸ್ತಾನದ 5 ನಗರಗಳ ಮೇಲೆ ಹಿರೋಶಿಮಾದಂಥದ್ದೇ ಒಂದೊಂದು ಬಾಂಬ್ ಬಿದ್ದರೆ ಏನಾದೀತು ಅಂತ ಅಂದಾಜು ಮಾಡಿದ್ದರು. ಅದರಲ್ಲಿ ಬೆಂಗಳೂರಿನ ಸಾಲು: ಸಾವು 3 ಲಕ್ಷ 10 ಸಾವಿರಕ್ಕೂ ಜಾಸ್ತಿ, ತೀವ್ರ ಗಾಯ 1 ಲಕ್ಷ 70 ಸಾವಿರಕ್ಕೂ ಜಾಸ್ತಿ. ಆಗಿನ ಬೆಂಗಳೂರು ಈಗಿನದರ ಮುಂದೆ ಹಳ್ಳಿ.

ಆಮೇಲೆ ಸತ್ತವರು: ಇಲ್ಲಿ ಎರಡೂ ಕಡೆ ಸುಳ್ಳಿದೆ

ನಮ್ಮ ಚಿಕ್ಕಂದಿನಲ್ಲಿ ಮೇಷ್ಟ್ರು ಹೇಳುತ್ತಿದ್ದರು, ಹಿರೋಶಿಮಾದಲ್ಲಿ ಇವತ್ತಿಗೂ ಹುಲ್ಲು ಬೆಳೆಯಲ್ಲ ಅಂತ. ಈಗಲೂ ಫಾರ್ವರ್ಡ್ ಮೆಸೇಜಿನಲ್ಲಿ ಬರುತ್ತದೆ. ಪೂರ್ತಿ ಸುಳ್ಳು. ಬಾಂಬ್ ಬಿದ್ದ ಮೂರೇ ದಿನಕ್ಕೆ ಒಂದು ಕಡೆ ಟ್ರಾಮ್ ಓಡಿತು. ಸುಟ್ಟ ನೆಲದಲ್ಲಿ ಕಣಗಿಲೆ ಹೂ ಬಿಟ್ಟಿತು, ಈಗ ಅದೇ ಆ ನಗರದ ಅಧಿಕೃತ ಹೂ. ನಮ್ಮ ರಸ್ತೆ ವಿಭಜಕದಲ್ಲಿ ನೆಟ್ಟಿರುವ ಅದೇ ಕಣಗಿಲೆ. ಇಂದು ಆ ಊರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಬಾಂಬ್ ತುಂಬಾ ಎತ್ತರದಲ್ಲಿ ಸಿಡಿದದ್ದರಿಂದ ನೆಲ ಹೆಚ್ಚು ದಿನ ವಿಷವಾಗಿ ಉಳಿಯಲಿಲ್ಲ.

ಬದುಕಿ ಉಳಿದವರನ್ನು 1950ರಿಂದ ಹಿಂಬಾಲಿಸಿ ಬಂದ ದೊಡ್ಡ ಅಧ್ಯಯನ ಒಂದಿದೆ. ಸುಮಾರು 94 ಸಾವಿರ ಜನರ ಪಟ್ಟಿ. ಅವರಲ್ಲಿ ವಿಕಿರಣದಿಂದಲೇ ಹೆಚ್ಚುವರಿಯಾಗಿ ಆದ ಕ್ಯಾನ್ಸರ್ ಸಾವು ನೂರರ ಲೆಕ್ಕದಲ್ಲಿದೆ, ಲಕ್ಷದ ಲೆಕ್ಕದಲ್ಲಿ ಅಲ್ಲ. ಅವರ ಮಕ್ಕಳಲ್ಲಿ ಅನುವಂಶಿಕ ಕಾಯಿಲೆ ಹೆಚ್ಚಿದೆ ಅನ್ನುವುದಕ್ಕೆ ಈವರೆಗೆ ಪುರಾವೆ ಸಿಕ್ಕಿಲ್ಲ. ಬಾಂಬ್ ವಿರೋಧಿಗಳಿಗೆ ಇದನ್ನು ಹೇಳಿದರೆ ಮುಖ ಸಪ್ಪಗಾಗುತ್ತದೆ. ಆಗಲಿ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ಆದರೆ ಇನ್ನೊಂದು ಕಡೆಯ ಸುಳ್ಳು ಇದಕ್ಕಿಂತ ಜಾಣತನದ್ದು: ವಿಕಿರಣ ಏನೂ ಮಾಡಲಿಲ್ಲ ಅನ್ನೋದು. ಪಟ್ಟಿ 1950ರಲ್ಲಿ ಶುರುವಾಗುತ್ತದೆ ಅಂತ ಹೇಳಿದೆನಲ್ಲ, ಅಂದರೆ ಮೊದಲ ಐದು ವರ್ಷದಲ್ಲಿ ಸತ್ತವರು ಅದರ ಒಳಗೆ ಬರಲೇ ಇಲ್ಲ. ಗಾಯವೇ ಇಲ್ಲದವರು, ಊರು ಬಿಟ್ಟು ನೆಂಟರ ಮನೆ ಸೇರಿದವರು, ಎರಡು ವಾರಕ್ಕೆ ಕೂದಲು ಕಿತ್ತು ಬಂದು, ಒಸಡಿನಲ್ಲಿ ರಕ್ತ ಬಂದು, ಮೈಮೇಲೆ ನೇರಳೆ ಕಲೆ ಎದ್ದು ಸತ್ತರು. ನೋಡಿದ ವೈದ್ಯರಿಗೆ ಅದು ಯಾವ ಕಾಯಿಲೆ ಅಂತಲೇ ತಿಳಿಯಲಿಲ್ಲ. ಸಡಾಕೊ ಸಸಾಕಿ ಅನ್ನುವ ಹುಡುಗಿಗೆ ಬಾಂಬ್ ಬಿದ್ದಾಗ 2 ವರ್ಷ. ಚೆನ್ನಾಗಿ ಓಡುತ್ತಿದ್ದಳಂತೆ. 1955ರಲ್ಲಿ ರಕ್ತದ ಕ್ಯಾನ್ಸರಿಗೆ ಸತ್ತಾಗ 12. ಕಾಗದದ ಕೊಕ್ಕರೆ ಮಡಿಸುತ್ತಾ ಮಲಗಿದ್ದ ಹುಡುಗಿ ಅವಳೇ.

ಮತ್ತೆ ಕಾಲಂನಲ್ಲಿ ಹಿಡಿಸದ ನೋವು. ಬದುಕಿ ಉಳಿದವರಿಗೆ ಜಪಾನಿನಲ್ಲಿ ಹಿಬಾಕುಶಾ ಅನ್ನುತ್ತಾರೆ. ಅವರ ಚಿಕಿತ್ಸೆಗೆ ಕಾನೂನು ಬಂದದ್ದು 1957ರಲ್ಲಿ, 12 ವರ್ಷ ಆದ ಮೇಲೆ. ಮದುವೆ ಮಾತುಕತೆಯಲ್ಲಿ ಹಿರೋಶಿಮಾದವರು ಅಂತ ಗೊತ್ತಾದರೆ ಸಂಬಂಧ ಮುರಿಯುತ್ತಿತ್ತು, ಹಾಗಾಗಿ ಎಷ್ಟೋ ಜನ ಊರಿನ ಹೆಸರನ್ನೇ ಮುಚ್ಚಿಟ್ಟರು. ಹೆಣ್ಣು ನೋಡಲು ಬಂದವರ ಮುಂದೆ ಏನನ್ನು ಮುಚ್ಚಿಡುತ್ತಾರೆ ಅನ್ನೋದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಇವರ ಸಂಘಟನೆ ನಿಹೊನ್ ಹಿಡಾಂಕ್ಯೊಗೆ.

ಬಿಟ್ಟು ಹೋದ ಸಾಲು

ಯುದ್ಧವೇ ಇಲ್ಲದೆ ಈ ಬಾಂಬಿಗೆ ಸಿಕ್ಕವರಿದ್ದಾರೆ, ಅವರಿಗೊಂದು ಸಾಲು ಬಿಡಿ. ಜಗತ್ತಿನಲ್ಲಿ ಈವರೆಗೆ 2 ಸಾವಿರಕ್ಕೂ ಜಾಸ್ತಿ ಪರೀಕ್ಷಾ ಸ್ಫೋಟ ಆಗಿವೆ. ಸೋವಿಯತ್ ಕಾಲದಲ್ಲಿ ಈಗಿನ ಕಜಾಕಸ್ತಾನದ ಸೆಮಿಪಲಾಟಿನ್ಸ್ಕ್ ಒಂದರಲ್ಲೇ 456. ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ 1954ರ ಮಾರ್ಚ್ 1ರಂದು ಅಮೆರಿಕ ಸಿಡಿಸಿದ್ದು 6 ಮೆಗಾಟನ್ ಆಗುತ್ತೆ ಅಂದುಕೊಂಡದ್ದು 15 ಆಯಿತು. ಹಿರೋಶಿಮಾದ ಸಾವಿರ ಪಟ್ಟು. ಬಿಳಿ ಬೂದಿ ದೂರದ ರೊಂಗೆಲಾಪ್ ದ್ವೀಪದ ಮೇಲೆ ಉದುರಿತು, ಮಕ್ಕಳು ಅದರಲ್ಲಿ ಆಡಿದರು. ಒಂದು ಜಪಾನಿ ಮೀನು ದೋಣಿಯ ಮೇಲೂ ಬಿತ್ತು. ಅದರ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮಾ ಅದೇ ಸೆಪ್ಟೆಂಬರಿನಲ್ಲಿ ಸತ್ತ. ಹಳೇ ಫಿರಂಗಿಯನ್ನು ಪರೀಕ್ಷಿಸಿದರೆ ಮೀನು ಹಿಡಿಯಲು ಹೋದವನು ಸಾಯುತ್ತಿರಲಿಲ್ಲ.

ಮುಂದೆ ಆಗಬಹುದಾದದ್ದನ್ನು ಬೇರೆ ಹಾಳೆಯಲ್ಲಿ ಇಡಿ

ಭಾರತ ಮತ್ತು ಪಾಕಿಸ್ತಾನದ ನಡುವೆ ದೊಡ್ಡ ಅಣುಯುದ್ಧ ಆದರೆ, ನಗರಗಳು ಸುಟ್ಟ ಮಸಿ ಆಕಾಶಕ್ಕೆ ಏರಿ ಬಿಸಿಲು ಕಡಿಮೆಯಾಗಿ ಬೆಳೆ ಸೋತು, ಹಸಿವಿನಿಂದಲೇ ಜಗತ್ತಿನಲ್ಲಿ 200 ಕೋಟಿ ಜನ ಸಾಯಬಹುದು ಅಂತ 2022ರಲ್ಲಿ ಒಂದು ಅಧ್ಯಯನ ಹೇಳಿತು. ಇದು ಕಂಪ್ಯೂಟರ್ ಮಾದರಿ. ಎಷ್ಟು ಮಸಿ ಏರುತ್ತೆ ಅನ್ನುವುದರಲ್ಲೇ ವಿಜ್ಞಾನಿಗಳಲ್ಲಿ ಜಗಳ ಇದೆ. ಆಗಿ ಹೋದ ಖರ್ಚಿನ ಪಕ್ಕ ಬಜೆಟ್ ಅಂದಾಜು ಬರೆದು ಕೂಡಿಸುವವನನ್ನು ಯಾವ ಆಡಿಟರೂ ಒಪ್ಪಲ್ಲ. ಅದೇ ನ್ಯಾಯ "ಬಾಂಬ್ ಹಾಕದಿದ್ದರೆ ಜಪಾನಿನಲ್ಲಿ ಇನ್ನೂ ಲಕ್ಷಾಂತರ ಜನ ಸಾಯುತ್ತಿದ್ದರು" ಅನ್ನುವ ಮಾತಿಗೂ. ಅದೂ ಅಂದಾಜೇ. ಎರಡನ್ನೂ ಬೇರೆ ಹಾಳೆಗೆ ಹಾಕಿ.

"ಅಣುಬಾಂಬ್ ಬಂದ ಮೇಲೆ ದೊಡ್ಡ ಯುದ್ಧ ಆಗಿಲ್ಲ" ಅನ್ನೋದಕ್ಕೆ ನಾನು ಹುಡುಗನಿಗೆ ಕೇಳಿದ್ದು ಒಂದೇ: ಎರಡು ವೋಚರ್ ನೋಡಿ, ಉಳಿದ 12 ಸಾವಿರ ವೋಚರ್ ತೆರೆಯದೇ, ಕಂಪನಿ ಲೆಕ್ಕ ಸರಿ ಇದೆ ಅಂತ ಸಹಿ ಹಾಕ್ತೀಯಾ? ಅವನು ತಕ್ಷಣ ಉತ್ತರ ಕೊಡಲಿಲ್ಲ. "ಆದ್ರೂ ಎಂಬತ್ತು ವರ್ಷ ಆಯ್ತಲ್ಲ ಮಾವ" ಅಂದ. ಆ ಮಾತಿನಲ್ಲೂ ಸ್ವಲ್ಪ ತೂಕ ಇದೆ, ಇಲ್ಲ ಅನ್ನಲ್ಲ. ಹಾಳೆಯ ಅಂಚಿನಲ್ಲಿ ಅವನ ಹೆಸರಲ್ಲೇ ಬರೆದಿಟ್ಟಿದ್ದೇವೆ.

ಹಾಳೆಯನ್ನು ಯಾರಿಗಾದರೂ ತೋರಿಸುವಾಗ ಮೊದಲು ಒಟ್ಟು ಮೊತ್ತ ತೋರಿಸಬೇಡಿ. ಕೈಗಳ ಕಾಲಂ ತೋರಿಸಿ, ಆಮೇಲೆ ಸಮಯದ್ದು, ಆಮೇಲೆ ನಕ್ಷೆ. ಮೊತ್ತ ಅವರೇ ಕೇಳುತ್ತಾರೆ.

ಕೊನೆಗೊಂದು ಕೆಲಸ ಉಳಿದಿತ್ತು. ಮೂರನೇ ಭಾನುವಾರ ಹುಡುಗ ಖಾಲಿ ಇದ್ದ ಮನೆಗಳಲ್ಲೆಲ್ಲ ಚಕಚಕನೆ ಸೊನ್ನೆ ತುಂಬುತ್ತಿದ್ದ. ಕೊರಿಯಾದವರು ಎಷ್ಟು, ಸೊನ್ನೆ. ಕಳಿಂಗದಲ್ಲಿ ಆಮೇಲೆ ಸತ್ತವರು, ಸೊನ್ನೆ. 1791ರಲ್ಲಿ ಪೇಟೆಯಿಂದ ಓಡಿದವರು, ಸೊನ್ನೆ. ಎಕ್ಸೆಲ್ ಅಭ್ಯಾಸ. ನಾನು ಅವನಿಗೆ ಹಿರೋಶಿಮಾದ ಆ ಹೆಸರಿನ ಪುಸ್ತಕಗಳ ವಿಷಯ ಹೇಳಿದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಅವುಗಳನ್ನು ಸ್ಮಾರಕದ ಕಲ್ಲಿನ ಪೆಟ್ಟಿಗೆಯಿಂದ ಹೊರಗೆ ತೆಗೆದು ಪುಟ ತಿರುವಿ ಗಾಳಿಗೆ ಹಾಕುತ್ತಾರೆ, ನಮ್ಮ ಅಜ್ಜಿ ರೇಷ್ಮೆ ಸೀರೆ ಹಾಕುತ್ತಿದ್ದ ಹಾಗೆ. ಆಗಸ್ಟ್ 6ಕ್ಕೆ ಹೊಸ ಹೆಸರು ಸೇರಿಸಿ ಮತ್ತೆ ಒಳಗಿಡುತ್ತಾರೆ. ಅವುಗಳಲ್ಲಿ ಒಂದು ಪುಸ್ತಕದ ಪುಟಗಳು ಖಾಲಿ. ಹೆಸರು ಗೊತ್ತಾಗದವರದ್ದು.

ಅವನು ರಬ್ಬರ್ ಕೇಳಿದ. ಕೊಟ್ಟೆ. ತಾನು ಬರೆದ ಸೊನ್ನೆಗಳನ್ನು ಒಂದೊಂದಾಗಿ ಉಜ್ಜಿ ಹಾಕಿ, ಹಾಳೆಯನ್ನು ಊದಿ, ಮಡಚಿ ಬ್ಯಾಗಿಗೆ ಹಾಕಿಕೊಂಡ.